ಮನೆ ಕೊಂಡವರು ಮಾತಿಗೆ ಸಿಕ್ಕರೆ ಇಷ್ಟು ಕೇಳಿ

ಎಲ್ಲೋ ಸರದಿಯಲ್ಲಿ ನಿಂತಿರುತ್ತೀರಿ, ಪಕ್ಕದವರು ಸುಮ್ನೆ ಮಾತಿಗೆ ಎಳೆಯುತ್ತಾರೆ, ಎರಡು ನಿಮಿಷದಲ್ಲಿ ಮಾತು ಮನೆ ಸಾಲಕ್ಕೆ ಬಂದು ನಿಲ್ಲುತ್ತದೆ. "ಮನೆ ಕಟ್ಟಿ ನೋಡು ಅಂತಾರಲ್ಲ, ಕಟ್ಟಿದ ಮೇಲೆ ಇಟ್ಕೊಂಡು ನೋಡಿ" ಅಂತ ನಗುತ್ತಾರೆ. ನಿಮಗೂ ಮನೆ ಕೊಳ್ಳುವ ಯೋಚನೆ ಇದ್ದರೆ ನಕ್ಕು ಸುಮ್ಮನಾಗಬೇಡಿ. ಮಾರುವವರು ಹೇಳದ್ದೆಲ್ಲ ಇವರ ಹತ್ತಿರ ಇರುತ್ತದೆ.

ಎಷ್ಟಕ್ಕೆ ಕೊಂಡಿರಿ ಅಂತ ಮಾತ್ರ ಕೇಳಬೇಡಿ. ಅದು ಹಳೇ ರೇಟು, ಮೇಲಾಗಿ ಹೇಳೋಕೆ ಮುಜುಗರ.

"ಬಡ್ಡಿ ಏರಿದಾಗ ಕಂತು ಜಾಸ್ತಿ ಆಯ್ತಾ, ವರ್ಷ ಜಾಸ್ತಿ ಆಯ್ತಾ?" ಅಂತ ಕೇಳಿ. ತುಂಬಾ ಜನಕ್ಕೆ ಗೊತ್ತೇ ಇರುವುದಿಲ್ಲ, ಕಂತು ಅಷ್ಟೇ ಇದ್ದರೆ ಏನೂ ಆಗಿಲ್ಲ ಅಂದುಕೊಂಡಿರುತ್ತಾರೆ. ಲೆಕ್ಕ ನೋಡಿ: 8 ಪರ್ಸೆಂಟ್ ಬಡ್ಡಿಗೆ 20 ವರ್ಷದ ಸಾಲ. ಶುರುವಿನಲ್ಲೇ ಬಡ್ಡಿ 9 ಆಗಿ ಕಂತು ಹಾಗೇ ಉಳಿದರೆ ಸಾಲ ತೀರುವಷ್ಟರಲ್ಲಿ 25 ವರ್ಷ ದಾಟಿರುತ್ತದೆ. ಬರೀ ಒಂದು ಪರ್ಸೆಂಟಿಗೆ! 20 ವರ್ಷಕ್ಕೇ ಮುಗಿಸಬೇಕು ಅಂದರೆ ಕಂತು ಸುಮಾರು ಏಳೂವರೆ ಪರ್ಸೆಂಟ್ ಹೆಚ್ಚುತ್ತದೆ. ಕೈಲಾದರೆ ಅದೇ ವಾಸಿ. ಇನ್ನೊಂದು ವಿಷಯ, ಇದೇ 8 ಪರ್ಸೆಂಟ್ ಸಾಲದಲ್ಲಿ ಮೊದಲ ಕಂತಿನ ಪ್ರತಿ 100ರಲ್ಲಿ 80 ಬಡ್ಡಿಗೇ ಹೋಗುತ್ತದೆ. ಹಾಗಾಗಿ ಕೈಗೆ ಹೆಚ್ಚಿಗೆ ದುಡ್ಡು ಬಂದರೆ ಮೊದಲ ಕೆಲವು ವರ್ಷಗಳಲ್ಲೇ ಅಸಲಿಗೆ ಕಟ್ಟಿಬಿಡಿ.

ಆಮೇಲೆ ರಿಪೇರಿ. "ರಿಪೇರಿಗೆ ಎಷ್ಟಾಗುತ್ತೆ?" ಅಂದರೆ "ಅಯ್ಯೋ, ಅಷ್ಟೇನಿಲ್ಲ" ಅನ್ನುತ್ತಾರೆ. "ಕಳೆದ ವರ್ಷ ಏನೇನು ಮಾಡಿಸಿದ್ರಿ?" ಅಂತ ಕೇಳಿ, ಆಗ ಒಂದೊಂದೇ ಹೊರಗೆ ಬರುತ್ತದೆ. ಬಾತ್‌ರೂಮ್ ಗೋಡೆಯೊಳಗಿನ ಪೈಪ್ ಸೋರಿತು ಅನ್ನಿ. ಪ್ಲಂಬರ್ ಕೆಲಸ ಅರ್ಧ ಗಂಟೆಯದು. ಆದರೆ ಟೈಲ್ಸ್ ಒಡೆಯಬೇಕು, ಅದೇ ಡಿಸೈನ್ ಈಗ ಸಿಗುವುದಿಲ್ಲ, ಇಡೀ ಗೋಡೆಗೆ ಹೊಸದು ಹಾಕಬೇಕು, ತೇವ ಹಿಡಿದ ಆಚೆ ಕಡೆ ಗೋಡೆಗೆ ಗಾರೆ, ಬಣ್ಣ. ವರ್ಷಕ್ಕೆ ಮನೆ ಬೆಲೆಯ 1 ಪರ್ಸೆಂಟ್ ರಿಪೇರಿಗೆ ಎತ್ತಿಡಿ ಅನ್ನುವ ರೂಢಿ ಇದೆ. ಬೆಲೆಯಲ್ಲಿ ಹೆಚ್ಚಿನ ಪಾಲು ಜಾಗದ್ದೇ ಆಗಿದ್ದರೆ ಇದು ಅತಿ ಅನ್ನಿಸಬಹುದು, ಜಾಗ ಸೋರುವುದಿಲ್ಲ ಅಲ್ವಾ, ಆಗ ಕಟ್ಟಡದ ಬೆಲೆ ಮೇಲೆ ಲೆಕ್ಕ ಹಾಕಿ. ಹಳೇ ಮನೆಗೆ ಇನ್ನೂ ಸ್ವಲ್ಪ ಜಾಸ್ತಿ ಇರಲಿ.

ಅಪಾರ್ಟ್‌ಮೆಂಟ್ ಆದರೆ ಮೇಂಟೆನೆನ್ಸ್ ಎಷ್ಟು ಅನ್ನುವುದಕ್ಕಿಂತ, ದೊಡ್ಡ ಖರ್ಚಿಗೆ ಅಂತ ಎತ್ತಿಟ್ಟ ದುಡ್ಡು ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಲಿಫ್ಟ್ ಕೆಟ್ಟ ದಿನ ಎಲ್ಲರ ತಲೆ ಮೇಲೂ ಬರುತ್ತದೆ. ತೆರಿಗೆ, ವಿಮೆ ಎರಡನ್ನೂ ಪಟ್ಟಿಗೆ ಸೇರಿಸಿ.

ಎಲ್ಲ ಕೂಡಿಸಿ ತಿಂಗಳ ಲೆಕ್ಕಕ್ಕೆ ತನ್ನಿ, ಈಗಿನ ಬಾಡಿಗೆ ಕಳೆಯಿರಿ. ಉಳಿದಷ್ಟನ್ನು ಆರು ತಿಂಗಳು ಬೇರೆ ಅಕೌಂಟಿಗೆ ಹಾಕುತ್ತಾ ಬನ್ನಿ. ಮೂರನೇ ತಿಂಗಳಿಗೇ ಅದಕ್ಕೆ ಕೈ ಹಾಕುವಂತಾದರೆ ಚಿಕ್ಕ ಮನೆ ನೋಡಿ, ಇಲ್ಲವೇ ಇನ್ನಷ್ಟು ದಿನ ಬಾಡಿಗೆಗೇ ಇರಿ.