ಮನೆ ಮೇಲೆ ನೀರು ಕೂರಿಸಬೇಡಿ

ನಾನು ಅರಸೀಕೆರೆ ಕಡೆಯವಳು. ವರ್ಷಕ್ಕೆ 25-30 ಇಂಚು ಮಳೆ ಬಿದ್ದರೆ ಅದೇ ದೊಡ್ಡದು ಅನ್ನುವ ಊರು. ಬಿದ್ದ ನೀರು ಹೊಲ ದಾಟಿ ಹೋಗಬಾರದು ಅಂತ ಅಪ್ಪ ಬೇಸಿಗೆಯಲ್ಲೇ ಬದು ಸರಿ ಮಾಡಿಸುತ್ತಿದ್ದರು. ನೀರನ್ನು ನಿಲ್ಲಿಸಬೇಕು, ಇಂಗಿಸಬೇಕು ಅನ್ನುವುದನ್ನು ಯಾರೂ ನಮಗೆ ಕೂತು ಕಲಿಸಲಿಲ್ಲ, ನೋಡಿ ನೋಡಿಯೇ ಬಂತು. ಟೀಚರ್ ಕೆಲಸ ಸಿಕ್ಕಿ ಮಡಿಕೇರಿಗೆ ಬಂದ ಮೇಲೂ ಅದು ಹೋಗಲಿಲ್ಲ. ಅದರಿಂದಲೇ ಒಂದು ಸಲ ಮನೆ ಕಳೆದುಕೊಳ್ಳುವ ಹಾಗಾಗಿತ್ತು, ಸ್ವಲ್ಪದರಲ್ಲಿ ಉಳಿಯಿತು. ಆ ಕತೆಯನ್ನೇ ಮುಖ್ಯವಾಗಿ ಬರೆಯುತ್ತೇನೆ. ಯಾಕೆಂದರೆ ಗುಡ್ಡದ ಮೇಲೊಂದು ಮನೆ, ಹಿಂದೆ ಕಾಡು, ಹತ್ತಿರದಲ್ಲೇ ಪೇಟೆ ಇರಬೇಕು ಅಂತ ಜಾಗ ಹುಡುಕಿಕೊಂಡು ಬರುವವರು ಈಗ ಜಾಸ್ತಿ. ಅವರು ನನ್ನ ಹತ್ತಿರ ಕೇಳುವುದು ವ್ಯೂ ಹೇಗಿದೆ, ಆನೆ ಬರುತ್ತಾ, ನೆಟ್‌ವರ್ಕ್ ಸಿಗುತ್ತಾ ಅಂತ. ಮಳೆಗಾಲದಲ್ಲಿ ನೀರು ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತೆ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.

ನಮ್ಮ ಮನೆ ಇರುವುದು ಮಡಿಕೇರಿ ಪೇಟೆಯಿಂದ ಗಾಳಿಬೀಡು ಕಡೆಗೆ ಏಳು ಕಿಲೋಮೀಟರ್. ಒಂದು ಗುಡ್ಡದ ಮೈಮೇಲೆ ಹನ್ನೊಂದು ಮನೆ, ಸುತ್ತ ಕಾಫಿ, ಏಲಕ್ಕಿ. ಅದರಾಚೆ ಕಾಡು ಶುರುವಾದರೆ ಪುಷ್ಪಗಿರಿ ಕಡೆಯವರೆಗೆ ಬೆಟ್ಟದ ಮೇಲೆ ಬೆಟ್ಟ. ಇಲ್ಲಿ ವರ್ಷಕ್ಕೆ ನೂರು ಇಂಚು ದಾಟುವುದು ಮಾಮೂಲು. ಕೊಡಗಿನಲ್ಲಿ ಮಳೆಯನ್ನು ಎಲ್ಲರೂ ಇಂಚಿನಲ್ಲೇ ಮಾತಾಡುತ್ತಾರೆ, ಇಂಚಿನ ನೂರನೇ ಒಂದು ಭಾಗಕ್ಕೆ ಸೆಂಟ್ ಅನ್ನುತ್ತಾರೆ. ಬೆಳಿಗ್ಗೆ ಎದುರು ಸಿಕ್ಕಿದವರು "ಊಟ ಆಯ್ತಾ" ಅಂತ ಕೇಳುವ ಹಾಗೆ ಜುಲೈ ತಿಂಗಳಲ್ಲಿ "ನಿಮ್ಮಲ್ಲಿ ಎಷ್ಟು ಇಂಚು" ಅಂತ ಕೇಳುತ್ತಾರೆ. ತೋಟ ಇರುವ ಮನೆಯಲ್ಲೆಲ್ಲ ಮಳೆ ಅಳೆಯುವ ಗೇಜು ಇರುತ್ತದೆ. ನಾವೂ ಒಂದು ತಂದು ಅಂಗಳದ ಕಂಬಕ್ಕೆ ಕಟ್ಟಿದೆವು, ಐದು ಇಂಚಿನದು. ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಿ ನೋಟ್‌ಬುಕ್ಕಲ್ಲಿ ಬರೆಯುವುದು ನನ್ನ ಕೆಲಸ.

ಮನೆ ಕಟ್ಟಿದ್ದು 2014ರಲ್ಲಿ. ಜಾಗ ಇಳಿಜಾರು, ಸಮ ಮಾಡಬೇಕಿತ್ತು. ಜೆಸಿಬಿ ಬಂತು, ಒಂದೇ ದಿನದಲ್ಲಿ ಗುಡ್ಡದ ಬದಿಯನ್ನು ಹನ್ನೆರಡು ಅಡಿ ಎತ್ತರಕ್ಕೆ ಗೋಡೆಯ ಥರ ನೆಟ್ಟಗೆ ಕೆತ್ತಿ ಹೋಯಿತು. ಹೀಗೆ ಕೆತ್ತಿದ ಮಣ್ಣಿನ ಬದಿಗೆ ಇಲ್ಲಿಯವರು ಬರೆ ಅನ್ನುತ್ತಾರೆ. ಬರೆ ಜರಿಯಿತು, ಬರೆ ಕುಸಿಯಿತು ಅಂತ ಮಳೆಗಾಲದ ಪೇಪರಲ್ಲಿ ದಿನಾ ಇರುತ್ತೆ. ನಮಗೆ ಆಗ ಆ ಪದವೇ ಗೊತ್ತಿರಲಿಲ್ಲ. ಕೆಂಪು ಮಣ್ಣು ನುಣ್ಣಗೆ ಕತ್ತರಿಸಿದ ಹಾಗೆ ನಿಂತಿತ್ತು, ಚೆನ್ನಾಗಿದೆ ಅನ್ನಿಸಿತು. ಮನೆಯ ಹಿಂದಿನ ಗೋಡೆಗೂ ಬರೆಗೂ ನಡುವೆ ನಾಲ್ಕೇ ಅಡಿ. ಅಡುಗೆಮನೆ ಕಿಟಕಿ ಆ ಕಡೆಗೇ.

ಮರುವರ್ಷ ಬೇಸಿಗೆಯಲ್ಲಿ ತೊಂದರೆ ಶುರುವಾಯಿತು. ನೂರು ಇಂಚು ಮಳೆ ಬೀಳುವ ಊರಲ್ಲೂ ಏಪ್ರಿಲ್‌ನಲ್ಲಿ ನೀರಿಲ್ಲ ಅಂದರೆ ನಂಬೋದು ಕಷ್ಟ. ಆದರೆ ನಿಜ. ಗುಡ್ಡದ ಒರತೆಯಿಂದ ಒಂದು ಇಂಚಿನ ಕರಿ ಪೈಪಲ್ಲಿ ಬರುತ್ತಿದ್ದ ನೀರು ಬೆರಳು ಗಾತ್ರಕ್ಕಿಳಿಯಿತು. ನನ್ನ ಬಯಲುಸೀಮೆ ಬುದ್ಧಿ ಎದ್ದು ಕೂತಿತು. ಇಬ್ಬರು ಕೆಲಸದವರನ್ನು ಕರೆದು ಮನೆಯ ಮೇಲ್ಭಾಗದಲ್ಲಿ, ಬರೆಯ ತಲೆಯಿಂದ ಹತ್ತಡಿ ಹಿಂದೆ ಸಾಲಾಗಿ ನಾಲ್ಕು ಇಂಗುಗುಂಡಿ ತೆಗೆಸಿದೆ. ಮಕ್ಕಳಿಗೆ ಪಾಠದಲ್ಲಿ ಹೇಳುವುದನ್ನೇ ನಾನು ಮಾಡಿದ್ದೇನೆ ಅಂತ ಸಂತೋಷ ಬೇರೆ.

ಪಕ್ಕದ ಮನೆಯ ಅಜ್ಜ ಬಂದು ನೋಡಿದರು. ಅವರ ಮನೆಯಲ್ಲಿ ಅರೆಭಾಷೆ, ನನ್ನ ಹತ್ತಿರ ಕನ್ನಡ. ಗುಂಡಿಯ ಅಂಚಲ್ಲಿ ಕೂತು, ತಳದ ಮಣ್ಣು ಮುಟ್ಟಿ ನೋಡಿ, "ತೋಟದಲ್ಲಿ ತೆಗೆದ್ರೆ ಸರಿ ಟೀಚರೇ. ಮನೆ ಮೇಲೆ ನೀರು ಕೂರಿಸಬೇಡಿ" ಅಂದರು. "ಇಂಗಿದರೆ ಒರತೆಗೇ ಒಳ್ಳೇದಲ್ವಾ ಅಜ್ಜ" ಅಂದೆ. ಅವರು ಮತ್ತೆ ಮಾತಾಡಲಿಲ್ಲ. ಅವರು ಮಾತು ಬೆಳೆಸುವವರಲ್ಲ. ಆವತ್ತು ಬೆಳೆಸಿದ್ದರೆ ಒಳ್ಳೆಯದಿತ್ತು ಅಂತ ಈಗಲೂ ಅನ್ನಿಸುತ್ತದೆ. ಆದರೆ ಕೇಳಬೇಕಾದವಳು ನಾನು.

ಎರಡು ಮೂರು ಮಳೆಗಾಲ ಏನೂ ಆಗಲಿಲ್ಲ. 2018ರಲ್ಲಿ ಜೂನ್‌ನಿಂದಲೇ ಮಳೆ ಬಿಟ್ಟಿರಲಿಲ್ಲ, ಮಣ್ಣು ನೀರು ಕುಡಿದು ಕುಡಿದು ತುಂಬಿಹೋಗಿತ್ತು. ಆಗಸ್ಟ್ 14ರ ಸುಮಾರಿಗೆ ಹಿಂದಿನ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿತು. ಮಳೆಗೆ ಮರ ಉಬ್ಬಿದೆ ಅಂದುಕೊಂಡೆವು. ಮಳೆಗಾಲದಲ್ಲಿ ಬಾಗಿಲು ಉಬ್ಬುವುದು ಇಲ್ಲಿ ಸಹಜವೇ. ಆದರೆ ಈ ಸಲ ಬಾಗಿಲು ಮೇಲುಗಡೆ ಒಂದೇ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು, ಅದನ್ನು ನಾವು ಗಮನಿಸಲಿಲ್ಲ. ಬರೆಯ ಬುಡದಲ್ಲಿ, ಯಾವತ್ತೂ ನೀರು ಬರದಿದ್ದ ಜಾಗದಲ್ಲಿ ಹೆಬ್ಬೆರಳು ಗಾತ್ರದ ಒರತೆ ಎದ್ದಿತು. ಕಲಕಿದ ಕಾಫಿಯಂಥ ಬಣ್ಣ. 16ರ ಬೆಳಿಗ್ಗೆ ಗೇಜು ತುಂಬಿ ಚೆಲ್ಲಿತ್ತು. ನೋಟ್‌ಬುಕ್ಕಲ್ಲಿ ಆವತ್ತಿನ ಜಾಗದಲ್ಲಿ "5+" ಅಂತ ಮಾತ್ರ ಇದೆ.

ಆ ರಾತ್ರಿ ಅಜ್ಜನ ಮಗ ಟಾರ್ಚ್ ಹಿಡಿದು ಬಂದು ಬಾಗಿಲು ಬಡಿದರು. ಮೇಲಿನ ಸಿಲ್ವರ್ ಮರ ವಾಲಿದೆ, ಈಗಲೇ ಹೊರಡಿ ಅಂದರು. ಸಿಲ್ವರ್ ಅಂದರೆ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ನೆಟ್ಟನೆ ಮರ, ಅದು ವಾಲಿದರೆ ಬುಡದ ಮಣ್ಣು ಜಾರುತ್ತಿದೆ ಅಂತಲೇ ಅರ್ಥ. ಮಗಳನ್ನು ಎತ್ತಿಕೊಂಡು, ಒಂದು ಚೀಲ ಹಿಡಿದು, ಹಾಕಿದ ಬಟ್ಟೆಯಲ್ಲಿ ಹೊರಟೆವು. ಅರ್ಧ ದಾರಿ ನಡೆದು, ಮಿಕ್ಕಿದ್ದು ಯಾರದೋ ಪಿಕಪ್‌ನಲ್ಲಿ ಪೇಟೆ ಸೇರಿದೆವು. ಬೆಳಿಗ್ಗೆ ಹೊತ್ತಿಗೆ ಬರೆ ಕೆಳಗಿಳಿದು ಅಡುಗೆಮನೆಯ ಹಿಂದೆ ಕಿಟಕಿಯ ಎತ್ತರಕ್ಕೆ ಮಣ್ಣು ನಿಂತಿತ್ತು. ಬಿರಿದು ಬಂದದ್ದು ಸರಿಯಾಗಿ ಆ ನಾಲ್ಕು ಗುಂಡಿಗಳ ಸಾಲಿನಿಂದ. ಗೋಡೆ ಬಿರುಕು ಬಿಟ್ಟಿತ್ತು, ಬಿದ್ದಿರಲಿಲ್ಲ.

ನಮ್ಮದು ಏನೂ ಅಲ್ಲ. ಮುಕ್ಕೋಡ್ಲು, ಮಕ್ಕಂದೂರು, ಕಾಲೂರು, ಹೆಬ್ಬೆಟ್ಟಗೇರಿ, ಜೋಡುಪಾಲ ಕಡೆ ಗುಡ್ಡಕ್ಕೆ ಗುಡ್ಡವೇ ಇಳಿದುಹೋಯಿತು. ಜೀವ ಹೋಯಿತು, ಮನೆ, ತೋಟ, ಗದ್ದೆ ಎಲ್ಲ ಹೋಯಿತು. ಮಂಗಳೂರಿಗೆ ಹೋಗುವ ಹೆದ್ದಾರಿ ಮುಚ್ಚಿತು. ಶಾಲೆ, ಕಲ್ಯಾಣಮಂಟಪಗಳು ನಿರಾಶ್ರಿತರ ಕೇಂದ್ರಗಳಾದವು. ಮಕ್ಕಳಿಗೆ ಪಾಠ ಹೇಳುತ್ತಿದ್ದ ನಾನು ಮಕ್ಕಳ ಅಪ್ಪ ಅಮ್ಮಂದಿರಿಗೆ ಅನ್ನ ಬಡಿಸಿದೆ. ಆಮೇಲೆ ಭೂವಿಜ್ಞಾನ ಇಲಾಖೆಯವರು ಬಂದು ನೋಡಿ, ಆ ಮಟ್ಟದ ಮಳೆಯ ಜೊತೆಗೆ ರಸ್ತೆಗೆ, ಮನೆಗೆ ಅಂತ ಗುಡ್ಡವನ್ನು ನೆಟ್ಟಗೆ ಕಡಿದದ್ದೂ ಕಾರಣ ಅಂದರು. ಅದನ್ನು ಓದಿದಾಗ ನಮ್ಮ ಹನ್ನೆರಡು ಅಡಿ ಬರೆ ಕಣ್ಣಮುಂದೆ ಬಂತು.

ಬಿಟ್ಟು ಬಂದುಬಿಡಿ ಅಂತ ಊರಿಂದ ಅಪ್ಪ ಫೋನ್ ಮಾಡಿದರು. ನಾವು ಬಿಡಲಿಲ್ಲ, ಆದರೆ ಸುಮ್ನೆ ಹಠಕ್ಕೆ ಉಳಿಯಲೂ ಇಲ್ಲ. ಗೊತ್ತಿರುವ ಎಂಜಿನಿಯರ್ ಒಬ್ಬರನ್ನು ಕರೆದು, ಇಡೀ ಗುಡ್ಡ ಜಾರುವ ಜಾಗವೇ ಅಥವಾ ನಾವು ಕಡಿದ ಬರೆ ಮಾತ್ರವೇ ಅಂತ ನೋಡಿಸಿದೆವು. ಮೇಲೆ ಎಲ್ಲೂ ನೆಲ ಬಿರುಕು ಬಿಟ್ಟಿರಲಿಲ್ಲ, ಹಳೆಯ ಮರಗಳು ನೆಟ್ಟಗಿದ್ದವು. ಬಿರುಕು ಇದ್ದಿದ್ದರೆ ಖಂಡಿತ ಬಿಟ್ಟು ಹೋಗುತ್ತಿದ್ದೆವು.

ಆಮೇಲೆ ಮಾಡಿದ ಕೆಲಸ ಇಷ್ಟು. ಮೊದಲು ಗುಂಡಿಗಳನ್ನು ಮಣ್ಣು ಹಾಕಿ ಗುದ್ದಿ ಮುಚ್ಚಿಸಿದೆವು. ಬರೆಯ ತಲೆಯಿಂದ ಹದಿನೈದು ಅಡಿ ಮೇಲೆ ಗುಡ್ಡಕ್ಕೆ ಅಡ್ಡಲಾಗಿ ಒಂದು ಕಣಿ ತೆಗೆಸಿ, ತಳಕ್ಕೆ ಕಲ್ಲು ಸಿಮೆಂಟು ಹಾಕಿಸಿದೆವು. ಮೇಲಿಂದ ಬರುವ ನೀರು ಬರೆಗೆ ತಾಗದೆ ಪಕ್ಕಕ್ಕೆ ಹರಿದು, ಮೊದಲಿಂದ ಇದ್ದ ತೋಡಿಗೇ ಸೇರಬೇಕು. ತೋಡು ಸೇರುವ ಕಡೆ ದಪ್ಪ ಕಲ್ಲು ಜೋಡಿಸಬೇಕು, ಇಲ್ಲದಿದ್ದರೆ ನೀರು ಅಲ್ಲಿ ಹೊಸ ಹೊಂಡ ಕೊರೆಯುತ್ತದೆ, ಕೆಳಗಿನ ಮನೆಯವರಿಗೆ ತೊಂದರೆ. ನೆಟ್ಟಗಿದ್ದ ಬರೆಯನ್ನು ಎರಡು ಮೆಟ್ಟಿಲು ಮಾಡಿ ಇಳಿಜಾರಾಗಿಸಿದೆವು, ಮೇಲೆ ಲಾವಂಚ ನೆಟ್ಟೆವು. ಬುಡಕ್ಕೆ ಐದಡಿ ಕಲ್ಲುಗೋಡೆ. ಗೋಡೆ ಕಟ್ಟುವಾಗ ಮೇಸ್ತ್ರಿ ಹಿಂದಿನ ನೀರು ಹೊರಗೆ ಬರುವ ಪೈಪು ಬೇಡ, ಗೋಡೆ ಗಟ್ಟಿ ಇರಲಿ ಅಂದರು. ಬೇಕೇ ಬೇಕು ಅಂತ ನಿಂತೆ. ಗೋಡೆ ಹಿಂದೆ ನೀರು ನಿಂತರೆ ಎಷ್ಟು ಗಟ್ಟಿ ಗೋಡೆಯೂ ತಡೆಯಲ್ಲ. ಹಿಂದೆ ಜಲ್ಲಿ ತುಂಬಿಸಿ, ಎಂಟು ಪೈಪು ಸ್ವಲ್ಪ ಹೊರಕ್ಕೆ ಬಾಗಿದ ಹಾಗೆ ಇಡಿಸಿದೆವು. ಸೂರಿನ ನೀರು ಬರೆಯ ಬುಡಕ್ಕೆ ಬೀಳದ ಹಾಗೆ ದಂಬೆ ಕಟ್ಟಿಸಿ ಪೈಪಲ್ಲಿ ಕೆಳಗಿಳಿಸಿದೆವು. ಬಚ್ಚಲ ನೀರಿನ ಗುಂಡಿಯನ್ನೂ ಮನೆಯ ಕೆಳಬದಿಗೆ ಹಾಕಿಸಿದೆವು. ಅಂಗಳಕ್ಕೆ ಕಾಂಕ್ರೀಟ್ ಹಾಕಿಸುವ ಆಲೋಚನೆ ಬಿಟ್ಟುಬಿಟ್ಟೆವು. ಖರ್ಚು ಮನೆ ಕಟ್ಟಿದ್ದರ ಕಾಲು ಭಾಗದಷ್ಟಾಯಿತು. ಮೊದಲೇ ಮಾಡಿಸಿದ್ದರೆ ಅರ್ಧದಲ್ಲಿ ಮುಗಿಯುತ್ತಿತ್ತು.

ಕಣಿ ತೆಗೆಸಿದರೆ ಮುಗಿಯಲ್ಲ, ಅದನ್ನು ನೋಡಿಕೊಳ್ಳುವುದೇ ದೊಡ್ಡ ಕೆಲಸ. ಕಾಡು ಪಕ್ಕದಲ್ಲಿದ್ದರೆ ಇನ್ನೂ ಜಾಸ್ತಿ. ಹಂದಿಗಳು ರಾತ್ರಿ ಬಂದು ಎರೆಹುಳಕ್ಕಾಗಿ ಕಣಿಯ ಅಂಚನ್ನೇ ಉಳುತ್ತವೆ, ಬೆಳಿಗ್ಗೆ ಮಣ್ಣೆಲ್ಲ ಕಣಿಯೊಳಗೆ. ಕಾಟಿ, ಅಂದರೆ ಕಾಡುಕೋಣದ ಗುಂಪು ಹಾದುಹೋದರೆ ಒರತೆಯ ಕರಿ ಪೈಪು ಕೀಲು ಬಿಟ್ಟಿರುತ್ತದೆ. ಒಂದು ಸಲ ಪೈಪಲ್ಲಿ ನೀರು ನಿಂತಾಗ ಒರತೆವರೆಗೆ ಹತ್ತಿ ಹೋಗಿ ಕೀಲು ಬಿಚ್ಚಿದರೆ, ಬಾಯಿಗೆ ಸರಿಯಾಗಿ ಒಂದು ಏಡಿ ಕೂತಿತ್ತು, ಕೊಂಬು ಎರಡನ್ನೂ ಪೈಪಿನ ಎರಡು ಬದಿಗೆ ಒತ್ತಿಕೊಂಡು. ಎಳೆದರೆ ಬರಲಿಲ್ಲ. ಪೈಪನ್ನು ನೀರಲ್ಲಿ ಮುಳುಗಿಸಿ ಹಿಡಿದು ಕಾದ ಮೇಲೆ ತಾನೇ ಹೊರಗೆ ಬಂದು ಕಲ್ಲಿನ ಕೆಳಗೆ ಹೋಯಿತು. ಆಮೇಲಿಂದ ಪೈಪಿನ ತುದಿಗೆ ಸಣ್ಣ ತೂತು ಮಾಡಿದ ಪ್ಲಾಸ್ಟಿಕ್ ಬಾಟಲಿ ಸಿಕ್ಕಿಸಿದ್ದೇವೆ. ಎಲೆ, ಏಡಿ ಎರಡೂ ಬರಲ್ಲ.

ಆನೆ ನಮ್ಮ ಕಡೆ ಕೊಡಗಿನದೇ ಸಿದ್ದಾಪುರದವರಿಗೆ ಇರುವಷ್ಟು ಕಷ್ಟ ಕೊಟ್ಟಿಲ್ಲ. ಆದರೂ ಹಲಸು ಹಣ್ಣಾಗಲು ಬಿಡಲ್ಲ. ಎಳೆಯದರಲ್ಲೇ ಕಿತ್ತು ಪಲ್ಯ ಮಾಡುತ್ತೇವೆ, ಮಿಕ್ಕಿದ್ದು ಹನ್ನೊಂದು ಮನೆಗೂ ಹಂಚುತ್ತೇವೆ. ಹಣ್ಣಿನ ವಾಸನೆ ಗಾಳಿಯಲ್ಲಿ ಹೋದರೆ ಆನೆಯನ್ನು ನಾವೇ ಕರೆದ ಹಾಗೆ. ನಾಯಿಯನ್ನು ಕತ್ತಲಾದ ಮೇಲೆ ಒಳಗೆ ಸೇರಿಸುತ್ತೇವೆ, ಚಿರತೆ ಇದೆ. ಜಿಗಣೆಗೆ ಕಾಲಿಗೆ ಕೊಬ್ಬರಿ ಎಣ್ಣೆ ಉಪ್ಪು ಹಚ್ಚಿಕೊಂಡರೆ ಸಾಕು. ಅದರ ಬಗ್ಗೆ ಜನ ಹೆದರುವಷ್ಟು ಏನಿಲ್ಲ.

ಪೇಟೆ ಏಳು ಕಿಲೋಮೀಟರ್ ಅಂದೆನಲ್ಲ, ಅದು ಜನವರಿಯ ಲೆಕ್ಕ. ಜುಲೈನಲ್ಲಿ ಮರ ಬಿದ್ದರೆ ಪೇಟೆ ಇಡೀ ದಿನ ದೂರ. ಅದಕ್ಕೆ ಮೇ ತಿಂಗಳಲ್ಲೇ ಅಕ್ಕಿ, ಬೇಳೆ, ಗ್ಯಾಸು, ಮಾತ್ರೆ ಎಲ್ಲ ಎರಡು ತಿಂಗಳಿಗಾಗುವಷ್ಟು ತಂದಿಡುತ್ತೇವೆ. ಸೌದೆ ಅಂತೂ ಏಪ್ರಿಲ್ ಬಿಸಿಲಲ್ಲೇ ಒಣಗಿ ಮಾಡಿನೊಳಗೆ ಸೇರಿರಬೇಕು. ಕರೆಂಟು ಮೂರು ನಾಲ್ಕು ದಿನ ಇಲ್ಲದಿರುವುದು ಉಂಟು, ಆಗ ಹಂಡೆ ಒಲೆಯೇ ಗತಿ. ಬಟ್ಟೆ ಒಣಗುವುದೂ ಅದರ ಮೇಲೇ. ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಬರುತ್ತೆ, ಬೀರುವಿನೊಳಗೆ ಹಳೆಯ ಕಾಲದ ಬಲ್ಬು ಒಂದು ಉರಿಸಿಡುತ್ತೇವೆ. ಶಾಲೆಯ ಕಪಾಟಿನಲ್ಲಿ ನನ್ನದೊಂದು ಜೊತೆ ಒಣ ಬಟ್ಟೆ ವರ್ಷವಿಡೀ ಇರುತ್ತದೆ.

ಮಳೆ ಬಿಟ್ಟ ಮೇಲೆ ಅದೇ ಪೇಟೆ ಕೈಗೆಟಕುವಷ್ಟು ಹತ್ತಿರ. ಶುಕ್ರವಾರದ ಸಂತೆಗೆ ಹೋದರೆ ಅಜ್ಜನ ಮನೆಗೂ ಸೇರಿಸಿ ತರಕಾರಿ ತರುತ್ತೇನೆ. ಮಗಳಿಗೆ ಜ್ವರ ಬಂದರೆ ಇಪ್ಪತ್ತು ನಿಮಿಷದಲ್ಲಿ ಆಸ್ಪತ್ರೆ. ದಸರೆಯ ಕೊನೇ ರಾತ್ರಿ ದಶಮಂಟಪ, ಅಂದರೆ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ ನೋಡಲು ಹನ್ನೊಂದು ಮನೆಯವರೂ ಎರಡು ಜೀಪಲ್ಲಿ ಹೋಗುತ್ತೇವೆ. ಬೆಳಗಿನ ಜಾವ ಕಿವಿ ತುಂಬ ಡ್ರಮ್ಮಿನ ಸದ್ದು ತುಂಬಿಕೊಂಡು ವಾಪಸ್ ಬಂದು ಜೀಪು ನಿಲ್ಲಿಸಿದರೆ, ಮೊದಲು ಕೇಳುವುದು ತೋಡಿನ ನೀರು. ಆ ಸದ್ದಿಗೋಸ್ಕರವೇ ನಾವು ಇಲ್ಲಿ ಉಳಿದದ್ದು ಅಂತ ನನ್ನ ಗಂಡ ಪ್ರತಿ ವರ್ಷ ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತೆ.

ಈಗ ಜಾಗ ನೋಡಲು ಬರುವವರಿಗೆ ನಾನು ಹೇಳುವುದು, ಜನವರಿಯಲ್ಲಿ ಬಂದು ಅಡ್ವಾನ್ಸ್ ಕೊಡಬೇಡಿ, ಜುಲೈನಲ್ಲಿ ಕೊಡೆ ಹಿಡಿದು ಬನ್ನಿ. ಜಾಗದ ಮೇಲಕ್ಕೆ ಹತ್ತಿ ನೋಡಿ, ಕೆಳಗಲ್ಲ. ವ್ಯೂ ಕೆಳಗಿರುತ್ತೆ, ನೀರು ಮೇಲಿಂದ ಬರುತ್ತೆ. ಕರೆಂಟು ಕಂಬ, ಮರ ನೆಟ್ಟಗಿದೆಯಾ ನೋಡಿ. ಹಿಂದೆ ಎಲ್ಲಿ ಒರತೆ ಇತ್ತು, ಯಾವ ವರ್ಷ ಎಲ್ಲಿ ಜರಿದಿತ್ತು ಅಂತ ಪಕ್ಕದ ಮನೆಯ ಹಿರಿಯರನ್ನು ಕೇಳಿ, ಅವರು ಒಂದೇ ಮಾತಲ್ಲಿ ಹೇಳಿದರೂ ಕೇಳಿಸಿಕೊಳ್ಳಿ. ಬಾಗಿಲು ಒಂದೇ ಮೂಲೆಯಲ್ಲಿ ಸಿಕ್ಕಿಕೊಂಡರೆ, ಹೊಸ ಜಾಗದಲ್ಲಿ ಕೆಸರು ನೀರು ಎದ್ದರೆ, ಅಥವಾ ಹರಿಯುತ್ತಿದ್ದ ಒರತೆ ಮಳೆಯಲ್ಲೇ ತಟ್ಟನೆ ನಿಂತರೆ, ಕಾಯಬೇಡಿ, ಹೊರಡಿ.

ಈಗ ಅಜ್ಜನಿಗೆ ಮಂಡಿ ನೋವು, ನಮ್ಮ ಅಂಗಳಕ್ಕೆ ಹತ್ತಿ ಬರಲು ಆಗುವುದಿಲ್ಲ. ಬೇಲಿಯಾಚೆಯಿಂದಲೇ "ಎಷ್ಟು ಟೀಚರೇ" ಅಂತ ಕೂಗುತ್ತಾರೆ. ಇವತ್ತು ಬೆಳಿಗ್ಗೆ "ಎರಡು ಇಂಚು ಹತ್ತು ಸೆಂಟ್" ಅಂದೆ. "ಪೈಪು?" ಅಂತ ಕೇಳಿದರು. ಹಿಂದಕ್ಕೆ ಹೋಗಿ ಒಂದೊಂದನ್ನೇ ನೋಡಿದೆ. ಏಳರಲ್ಲಿ ನೀರು ಬರುತ್ತಿತ್ತು, ತಿಳಿಯಾಗಿ. ಮೂಲೆಯದರಲ್ಲಿ ಬರುತ್ತಿರಲಿಲ್ಲ. ಬಿದಿರು ಕಡ್ಡಿ ಹಾಕಿ ತಿರುಗಿಸಿದೆ, ಕೊಳೆತ ಎಲೆಯ ಉಂಡೆ ಹೊರಗೆ ಬಿತ್ತು, ಹಿಂದೆಯೇ ನೀರು ಚಿಮ್ಮಿ ನನ್ನ ಕಾಲಿಗೆ ಬಿತ್ತು. "ಎಂಟರಲ್ಲೂ ಬರ್ತಿದೆ ಅಜ್ಜ" ಅಂತ ಕೂಗಿದೆ.