ಅಂಟಾರ್ಕ್ಟಿಕಾ ಯಾನ: ಟಿಕೆಟ್‌ನಿಂದ ಹಿಮದ ಮೇಲಿನ ಮೊದಲ ಹೆಜ್ಜೆವರೆಗೆ

ಅಂಟಾರ್ಕ್ಟಿಕಾ ಎಂದೊಡನೆ ಎಲ್ಲರಿಗೂ ಚಳಿಯದೇ ಚಿಂತೆ. ಆದರೆ ಪ್ರವಾಸಿ ಹಡಗುಗಳು ಹೋಗುವ ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಕರಾವಳಿಯಲ್ಲಿ ಬೇಸಿಗೆಯ ಉಷ್ಣಾಂಶ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಪ್ರವಾಸ ಕೆಡುವುದು ಹೆಚ್ಚಾಗಿ ಬೇರೆ ಎರಡು ಕಾರಣಗಳಿಂದ. ಒಂದು, ದಿನಗಳನ್ನು ತೀರಾ ಬಿಗಿಯಾಗಿ ಲೆಕ್ಕ ಹಾಕಿದ್ದು. ಇನ್ನೊಂದು, ಮೈಮೇಲಿನ ಬಟ್ಟೆ ಒದ್ದೆಯಾಗಿದ್ದು.

ತಿಂಗಳು ಮೊದಲು, ಹಡಗು ಆಮೇಲೆ

ಹಡಗುಗಳು ಓಡುವುದು ಸುಮಾರಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ. ನವೆಂಬರ್‌ನಲ್ಲಿ ಹಿಮ ಇನ್ನೂ ಶುಭ್ರ. ಪೆಂಗ್ವಿನ್‌ಗಳು ಕಲ್ಲು ಆಯ್ದು ಗೂಡು ಕಟ್ಟುತ್ತಿರುತ್ತವೆ. ಆದರೆ ಕಡಲ ಮಂಜುಗಡ್ಡೆ ಪೂರ್ತಿ ಒಡೆದಿರುವುದಿಲ್ಲ, ಕೆಲವು ಕೊಲ್ಲಿಗಳಿಗೆ ದಾರಿಯೇ ಸಿಗದೆ ಹೋಗಬಹುದು. ಮರಿಗಳನ್ನು ನೋಡಬೇಕೆಂದರೆ ಡಿಸೆಂಬರ್ ಕೊನೆಯಿಂದ ಜನವರಿ. ತಿಮಿಂಗಿಲಗಳಿಗೆ ಫೆಬ್ರುವರಿ, ಮಾರ್ಚ್ ಮೇಲು. ಆಗ ಮಂಜುಗಡ್ಡೆಯೂ ಕಡಿಮೆ, ದಕ್ಷಿಣಕ್ಕೆ ಇನ್ನಷ್ಟು ದೂರ ಹೋಗಬಹುದು. ಪೆಂಗ್ವಿನ್ ನೆಲೆಗಳು ಮಾತ್ರ ಕೆಸರು, ಹಿಕ್ಕೆಯಿಂದ ರಾಡಿಯಾಗಿರುತ್ತವೆ. ಎಂಪರರ್ ಪೆಂಗ್ವಿನ್‌ನ ಆಸೆ ಇಟ್ಟುಕೊಳ್ಳಬೇಡಿ. ಈ ದಾರಿಯಲ್ಲಿ ಸಿಗುವುದು ಜೆಂಟೂ, ಚಿನ್‌ಸ್ಟ್ರ್ಯಾಪ್, ಅಡೇಲಿ.

ಹಡಗಿನ ವಿಚಾರದಲ್ಲಿ ಈಜುಕೊಳ, ಊಟದ ಮೆನುಗಳಿಗಿಂತ ಮೊದಲು ನೋಡಬೇಕಾದದ್ದು ಪ್ರಯಾಣಿಕರ ಸಂಖ್ಯೆ. ಒಂದು ತಾಣದಲ್ಲಿ ಒಂದು ಹೊತ್ತಿಗೆ 100ಕ್ಕಿಂತ ಹೆಚ್ಚು ಪ್ರವಾಸಿಗರು ಇಳಿಯುವಂತಿಲ್ಲ. 500ಕ್ಕಿಂತ ಹೆಚ್ಚು ಜನರನ್ನು ಹೊತ್ತ ಹಡಗು ಯಾರನ್ನೂ ಇಳಿಸುವಂತೆಯೇ ಇಲ್ಲ, ಡೆಕ್ ಮೇಲಿಂದ ನೋಡಿ ಬರಬೇಕಷ್ಟೆ. ಇನ್ನೂರು ಜನರ ಹಡಗಿನಲ್ಲಿ ಅರ್ಧ ಜನ ದಡದಲ್ಲಿದ್ದರೆ ಉಳಿದರ್ಧ ದೋಣಿಯಲ್ಲಿ ಸುತ್ತುತ್ತಾರೆ, ಆಮೇಲೆ ಅದಲುಬದಲು. ಹಾಗಾಗಿ ನೂರರ ಆಸುಪಾಸಿನ ಹಡಗು ಸಿಕ್ಕರೆ ಬಿಡಬೇಡಿ.

ದಿನಗಳ ಲೆಕ್ಕವನ್ನೂ ಬಿಡಿಸಿ ನೋಡಿ. ಹತ್ತು ದಿನದ ಯಾನದಲ್ಲಿ ದಕ್ಷಿಣ ಅಮೆರಿಕ ಮತ್ತು ಅಂಟಾರ್ಕ್ಟಿಕಾದ ನಡುವಿನ ಡ್ರೇಕ್ ಜಲಸಂಧಿ ದಾಟಲು ಹೋಗುವಾಗ ಎರಡು ದಿನ, ಬರುವಾಗ ಎರಡು ದಿನ ಬೇಕು. ಹತ್ತುವ, ಇಳಿಯುವ ದಿನಗಳನ್ನೂ ಕಳೆದರೆ ಕೈಗೆ ಉಳಿಯುವುದು ನಾಲ್ಕೇ. ದಕ್ಷಿಣ ಧ್ರುವವೃತ್ತವನ್ನೂ ದಾಟಿಸುವುದಾಗಿ ಇಷ್ಟೇ ದಿನದಲ್ಲಿ ಹೇಳಿದರೆ ಬೇರೇನನ್ನು ಕೈಬಿಡುತ್ತೀರಿ ಎಂದು ಕೇಳಿ. ಇನ್ನೊಂದು ಮಾತು: ಇಳಿಯುವ ತಾಣಗಳಲ್ಲಿ ಬಹಳಷ್ಟು ದ್ವೀಪಗಳು. ಖಂಡದ ನೆಲವನ್ನೇ ಮುಟ್ಟಬೇಕೆಂಬ ಹಟವಿದ್ದರೆ ಪಟ್ಟಿಯಲ್ಲಿ ನೆಕೋ ಹಾರ್ಬರ್ ಅಥವಾ ಪ್ಯಾರಡೈಸ್ ಹಾರ್ಬರ್‌ನಂಥ ಹೆಸರು ಇದೆಯೇ ನೋಡಿ.

ಕಾಗದಪತ್ರ

ಅಂಟಾರ್ಕ್ಟಿಕಾಕ್ಕೆ ವೀಸಾ ಇಲ್ಲ, ಅನುಮತಿ ಇದೆ. 1959ರ ಅಂಟಾರ್ಕ್ಟಿಕ್ ಒಪ್ಪಂದ ಮತ್ತು 1991ರ ಮ್ಯಾಡ್ರಿಡ್ ಪರಿಸರ ಒಡಂಬಡಿಕೆಯ ಪ್ರಕಾರ ಅದನ್ನು ಪಡೆಯುವುದು ಹಡಗಿನ ಸಂಸ್ಥೆಯ ಹೊಣೆ. ಸಂಸ್ಥೆಯು ಐಎಎಟಿಒ ಎಂಬ ಪ್ರವಾಸ ಸಂಸ್ಥೆಗಳ ಒಕ್ಕೂಟದ ಸದಸ್ಯತ್ವ ಹೊಂದಿದೆಯೇ ಎಂದು ಖಚಿತಪಡಿಸಿಕೊಂಡರೆ ನಿಮ್ಮ ಕೆಲಸ ಮುಗಿಯಿತು. ತೊಡಕಿರುವುದು ಹೊರಡುವ ದೇಶದಲ್ಲಿ. ಹೆಚ್ಚಿನ ಹಡಗುಗಳು ಅರ್ಜೆಂಟೀನಾದ ದಕ್ಷಿಣ ತುದಿಯ ಉಶುವಾಯಾದಿಂದ ಹೊರಟು ಅಲ್ಲಿಗೇ ಮರಳುತ್ತವೆ. ನಿಮ್ಮ ಪಾಸ್‌ಪೋರ್ಟ್‌ಗೆ ವೀಸಾ ಬೇಕಿದ್ದರೆ ಒಂದೇ ಪ್ರವೇಶದ್ದು ಸಾಕೇ, ಹಲವು ಪ್ರವೇಶದ್ದು ಬೇಕೇ ಎಂದು ಸಂಸ್ಥೆಯಿಂದ ಬರಹದಲ್ಲೇ ಉತ್ತರ ಪಡೆಯಿರಿ. ಯಾನ ಚಿಲಿಯಲ್ಲಿ ಮುಗಿಯುವುದಾದರೆ ಅಲ್ಲಿನ ನಿಯಮವನ್ನೂ ನೋಡಬೇಕು.

ವಿಮೆಯಲ್ಲಿ ಆಸ್ಪತ್ರೆ ಖರ್ಚಿಗಿಂತ ಮುಖ್ಯವಾದದ್ದು ತುರ್ತು ಸಾಗಣೆ. ಹಡಗಿನಲ್ಲಿ ವೈದ್ಯರಿರುತ್ತಾರೆ, ಶಸ್ತ್ರಚಿಕಿತ್ಸೆಯ ಆಸ್ಪತ್ರೆ ಇರುವುದಿಲ್ಲ. ಪಾಲಿಸಿಯಲ್ಲಿ ಅಂಟಾರ್ಕ್ಟಿಕಾವನ್ನು ಹೊರಗಿಟ್ಟ ಸಾಲು ಇದೆಯೇ ಎಂದು ಸಣ್ಣ ಅಕ್ಷರಗಳಲ್ಲೂ ಹುಡುಕಿ.

ಎರಡು ದಿನದ ಸಡಿಲು

ಹಡಗು ಯಾರಿಗಾಗಿಯೂ ಕಾಯುವುದಿಲ್ಲ. ವಿಮಾನ ತಡವಾದರೆ ಮುಂದಿನ ಬಂದರಿನಲ್ಲಿ ಹತ್ತಿಕೊಳ್ಳೋಣ ಎನ್ನಲು ಮುಂದಿನ ಬಂದರೇ ಇಲ್ಲ. ಆದ್ದರಿಂದ ಹಡಗು ಹೊರಡುವುದಕ್ಕೆ ಎರಡು ದಿನ ಮೊದಲೇ ಉಶುವಾಯಾದಲ್ಲಿರಿ. ಬ್ಯೂನಸ್ ಐರಿಸ್‌ನಲ್ಲಿ ಒಂದು ಬಲೆ ಇದೆ: ಹೊರದೇಶದ ವಿಮಾನಗಳು ಸಾಮಾನ್ಯವಾಗಿ ಇಳಿಯುವುದು ಎಸೈಸಾ ವಿಮಾನ ನಿಲ್ದಾಣದಲ್ಲಿ, ಉಶುವಾಯಾದ ಹಲವು ವಿಮಾನಗಳು ಹೊರಡುವುದು ನಗರದ ಆಚೆ ಬದಿಯ ಏರೋಪಾರ್ಕೆಯಿಂದ. ನಡುವೆ ಪೆಟ್ಟಿಗೆ ಹೊತ್ತು ನಗರವನ್ನೇ ದಾಟಬೇಕು. ದೇಶದೊಳಗಿನ ವಿಮಾನಗಳಲ್ಲಿ ಸಾಮಾನಿನ ಮಿತಿಯೂ ಕಡಿಮೆ ಇರುತ್ತದೆ.

ಪೆಟ್ಟಿಗೆ ಕಳೆದುಹೋದರೂ ಯಾನ ನಿಲ್ಲದಂತೆ ಕೈಚೀಲ ಕಟ್ಟಿ: ಔಷಧ, ಕನ್ನಡಕ, ಕ್ಯಾಮೆರಾ, ಒಂದು ಜೊತೆ ಥರ್ಮಲ್ ಒಳಉಡುಪು, ನೀರು ತಡೆಯುವ ಪ್ಯಾಂಟು, ಕೈಗವಸು.

ಒಣಗಿದ್ದರೆ ಬೆಚ್ಚಗೆ

ಮೂರು ಪದರ ಸಾಕು. ಮೈಗಂಟಿದ್ದು ಉಣ್ಣೆಯ ಅಥವಾ ಸಿಂಥೆಟಿಕ್ ಥರ್ಮಲ್, ಅದರ ಮೇಲೆ ಫ್ಲೀಸ್, ಹೊರಗೆ ಗಾಳಿ, ನೀರು ತಡೆಯುವ ಜಾಕೆಟ್. ಹತ್ತಿ ಬಟ್ಟೆಯನ್ನು ಹಡಗಿನೊಳಗಿನ ಊಟಕ್ಕೆ ಇಟ್ಟುಕೊಳ್ಳಿ. ಬೆವರು ಹೀರಿದ ಹತ್ತಿ ಬೇಗ ಒಣಗದೆ ಮೈಯ ಶಾಖವನ್ನೆಲ್ಲ ಕದಿಯುತ್ತದೆ. ಜಾಕೆಟ್, ರಬ್ಬರ್ ಬೂಟುಗಳನ್ನು ಹಲವು ಹಡಗುಗಳು ತಾವೇ ಕೊಡುತ್ತವೆ, ಕೇಳದೆ ಕೊಳ್ಳಬೇಡಿ. ಪ್ಯಾಂಟನ್ನು ಮಾತ್ರ ಸಾಮಾನ್ಯವಾಗಿ ಕೊಡುವುದಿಲ್ಲ, ಜನ ಎಡವುವುದೂ ಅಲ್ಲೇ. ನೀರು ಸ್ವಲ್ಪ ಮಟ್ಟಿಗೆ ತಡೆಯುವ ಸ್ಕೀ ಪ್ಯಾಂಟು ದೋಣಿಯ ತೇವದ ಅಂಚಿನಲ್ಲಿ ಅರ್ಧ ಗಂಟೆ ಕೂತರೆ ಸೋರುತ್ತದೆ. ಪೂರ್ತಿ ನೀರು ತಡೆಯುವಂಥದ್ದೇ ಬೇಕು. ಅದನ್ನು ಬೂಟಿನೊಳಗೆ ತುರುಕದೆ ಹೊರಗೆ ಇಳಿಬಿಡಿ, ಇಲ್ಲದಿದ್ದರೆ ಅಲೆಯ ನೀರು ನೇರ ಕಾಲುಚೀಲಕ್ಕೆ.

ಕಾಲುಚೀಲ ದಪ್ಪನೆಯದು ಒಂದೇ ಜೊತೆ ಹಾಕಿ. ಎರಡು ಮೂರು ಒತ್ತಿ ತುಂಬಿದರೆ ಬೂಟು ಬಿಗಿಯಾಗಿ, ರಕ್ತ ಸರಿಯಾಗಿ ಹರಿಯದೆ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಕೈಗೆ ತೆಳು ಗವಸು, ಮೇಲೊಂದು ನೀರು ತಡೆಯುವ ಗವಸು. ತಂಪು ಕನ್ನಡಕ, 50 ಎಸ್‌ಪಿಎಫ್ ಸನ್‌ಸ್ಕ್ರೀನ್ ಮರೆಯಬೇಡಿ. ಬಿಸಿಲು ಹಿಮದಿಂದ ಪುಟಿದು ಕೆಳಗಿನಿಂದಲೂ ಹೊಡೆಯುವುದರಿಂದ ಗದ್ದದ ಅಡಿಗೂ, ಮೂಗಿನ ಕೆಳಗೂ ಹಚ್ಚಬೇಕು.

ಡ್ರೇಕ್ ದಾಟುವಾಗ

ಕೇಪ್ ಹಾರ್ನ್‌ನಿಂದ ದಕ್ಷಿಣ ಶೆಟ್‌ಲ್ಯಾಂಡ್ ದ್ವೀಪಗಳವರೆಗೆ ಸುಮಾರು 800 ಕಿ.ಮೀ. ತೆರೆದ ಕಡಲು. ಈ ಅಕ್ಷಾಂಶದಲ್ಲಿ ಗಾಳಿ, ಅಲೆಗಳನ್ನು ತಡೆಯಲು ಭೂಮಿಯ ಸುತ್ತ ಎಲ್ಲೂ ನೆಲವಿಲ್ಲ. ಸಾಮಾನ್ಯವಾಗಿ ಹಡಗು ಸಂಜೆ ಹೊರಟು ಮೊದಲ ಕೆಲವು ಗಂಟೆ ಬೀಗಲ್ ಕಾಲುವೆಯ ಶಾಂತ ನೀರಿನಲ್ಲಿ ಸಾಗುತ್ತದೆ. ತೊಯ್ದಾಟದ ವಾಂತಿ ತಡೆಯುವ ಮಾತ್ರೆ ನುಂಗಬೇಕಾದದ್ದು ಆಗಲೇ. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮಿನ್ ಪಟ್ಟಿಯಾದರೆ ನಾಲ್ಕು ಗಂಟೆ ಮೊದಲೇ ಹಚ್ಚಬೇಕು, ಮೂರು ದಿನ ಕೆಲಸ ಮಾಡುತ್ತದೆ. ಗ್ಲಾಕೋಮಾ ಇರುವವರಿಗೆ ಅದು ಬೇಡ. ಉಳಿದವರೂ ವೈದ್ಯರನ್ನು ಕೇಳಿಯೇ ಬಳಸಿ. ಪಟ್ಟಿ ಮುಟ್ಟಿದ ಕೈ ತೊಳೆಯದೆ ಕಣ್ಣುಜ್ಜಿದರೆ ಪಾಪೆ ಹಿಗ್ಗಿ ನೋಟ ಮಸುಕಾಗುತ್ತದೆ.

ಕ್ಯಾಬಿನ್ ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುವೆ ಇದ್ದಷ್ಟೂ ತೊಯ್ದಾಟ ಕಡಿಮೆ. ನಡೆಯುವಾಗ ಒಂದು ಕೈ ಸದಾ ಕಂಬಿಯ ಮೇಲಿರಲಿ. ಬಾಗಿಲಿನ ಚೌಕಟ್ಟನ್ನು ಮಾತ್ರ ಹಿಡಿಯಬೇಡಿ. ಹಡಗು ವಾಲಿದಾಗ ಭಾರದ ಬಾಗಿಲು ಬಡಿದು ಬೆರಳು ಜಜ್ಜಿಹೋಗುತ್ತದೆ.

ದಡಕ್ಕೆ

ಇಳಿಯುವ ಮೊದಲು ಜೇಬು, ವೆಲ್ಕ್ರೋ, ಕ್ಯಾಮೆರಾ ಚೀಲದ ಮೂಲೆಗಳನ್ನೆಲ್ಲ ವ್ಯಾಕ್ಯೂಮ್ ಕ್ಲೀನರ್‌ನಿಂದ ಶುಚಿ ಮಾಡಿಸುತ್ತಾರೆ. ಒಂದು ಹುಲ್ಲಿನ ಬೀಜವೂ ಅಲ್ಲಿಗೆ ಹೋಗಬಾರದು. ಬೂಟನ್ನು ಹೋಗುವಾಗ, ಬರುವಾಗ ಸೋಂಕುನಿವಾರಕದಲ್ಲಿ ಅದ್ದಬೇಕು. ತಿಂಡಿ ಒಯ್ಯುವಂತಿಲ್ಲ. ದಡದಲ್ಲಿ ಶೌಚಾಲಯವೂ ಇಲ್ಲ, ಆ ಕೆಲಸ ಪ್ಯಾಂಟು ಹಾಕುವ ಮುಂಚೆಯೇ ಮುಗಿಸಿ.

ಜೋಡಿಯಾಕ್ ಎಂಬ ರಬ್ಬರ್ ದೋಣಿ ಹತ್ತುವಾಗ ಎರಡೂ ಕೈ ಖಾಲಿ ಇರಲಿ, ಕ್ಯಾಮೆರಾ ಬೆನ್ನಚೀಲದಲ್ಲಿರಲಿ. ಸಿಬ್ಬಂದಿಯ ಅಂಗೈಯನ್ನಲ್ಲ, ಮುಂಗೈಯನ್ನು ಹಿಡಿಯಿರಿ. ಒದ್ದೆ ಗವಸಿನಲ್ಲಿ ಅಂಗೈ ಜಾರುತ್ತದೆ.

ಪೆಂಗ್ವಿನ್‌ನಿಂದ 5 ಮೀಟರ್, ಫರ್ ಸೀಲ್‌ನಿಂದ 15 ಮೀಟರ್ ದೂರವಿರಿ. ಹಕ್ಕಿಜ್ವರದ ಎಚ್5ಎನ್1 ವೈರಸ್ 2024ರ ಫೆಬ್ರುವರಿಯಲ್ಲಿ ಈ ಖಂಡದಲ್ಲೂ ದೃಢಪಟ್ಟಿದೆ. ನೆಲದ ಮೇಲೆ ಕೂರಬಾರದು, ಮಂಡಿಯೂರಬಾರದು, ಚೀಲ ಇಡಬಾರದು ಎಂಬ ನಿಯಮ ಅದಕ್ಕಾಗಿಯೇ. ಹಿಮದಲ್ಲಿ ಕಾಲು ತೊಡೆಯವರೆಗೆ ಹೂತುಹೋದರೆ ಕುಣಿಯನ್ನು ಮುಚ್ಚಿಯೇ ಮುಂದೆ ನಡೆಯಿರಿ, ಅದರಲ್ಲಿ ಬಿದ್ದ ಪೆಂಗ್ವಿನ್ ಮೇಲೆ ಬರಲಾರದು. ಫೋಟೊ ಮುಗಿದ ಮೇಲೆ ಕ್ಯಾಮೆರಾವನ್ನು ಹಡಗಿನ ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಒಳಗೆ ಬೆಚ್ಚಗಾದ ಮೇಲೆ ತೆರೆಯಿರಿ. ಇಲ್ಲದಿದ್ದರೆ ಲೆನ್ಸ್ ಮೇಲೆ ನೀರು ಕಟ್ಟುತ್ತದೆ.

ಹಿಮನದಿಯ ಎದುರಿನ ದಡಗಳಲ್ಲಿ, ಮುಖ್ಯವಾಗಿ ನೆಕೋ ಹಾರ್ಬರ್‌ನಲ್ಲಿ, ದೋಣಿ ಇಳಿದವರೇ ನೀರಿನ ಅಂಚಿನಲ್ಲಿ ನಿಲ್ಲದೆ ಮೇಲಕ್ಕೆ ಹೋಗಿ. ಮಂಜುಗಡ್ಡೆ ಕಳಚಿ ಬಿದ್ದರೆ ಏಳುವ ಅಲೆ ದಡದವರೆಗೂ ನುಗ್ಗಿ ಬರುತ್ತದೆ. ಸೆಲ್ಫಿ ಮೇಲೆ ಹೋದ ಮೇಲೆ ತೆಗೆದುಕೊಳ್ಳಿ.