ತುಂಬಿಸಿದ ಹಲ್ಲು ನಿಜಕ್ಕೂ ಸರಿಯಾಗಿದೆಯೇ? ನೋಡಿಕೊಳ್ಳುವುದು ಹೀಗೆ

ಹುಳುಕು ಹಲ್ಲಿಗೆ ಸಿಮೆಂಟ್ ತುಂಬಿಸಿ ಬಂದವರನ್ನು ಮನೆಯವರು ಕೇಳುವುದು ಒಂದೇ ಪ್ರಶ್ನೆ: ನೋವು ಹೋಯ್ತಾ? ಹೋಯ್ತು ಅಂದರೆ ಅಲ್ಲಿಗೆ ಮುಗೀತು. ಕಾರವಾರದಿಂದ ಶಿರಸಿಯವರೆಗೆ ಎಲ್ಲ ಕಡೆ ಇದೇ ಲೆಕ್ಕ. ಆದರೆ ನೋವಿಲ್ಲ ಅಂದ ಮಾತ್ರಕ್ಕೆ ಚಿಕಿತ್ಸೆ ಗೆದ್ದಿದೆ ಅಂತಲ್ಲ. ಫಿಲ್ಲಿಂಗ್ ಅಡಿಯಲ್ಲಿ ಮತ್ತೆ ಹುಳುಕು ಹತ್ತಿದರೂ ತಿಂಗಳುಗಟ್ಟಲೆ ಗೊತ್ತಾಗದೇ ಇರಬಹುದು. ಬೇರು ಚಿಕಿತ್ಸೆ (ರೂಟ್ ಕೆನಾಲ್) ಆದ ಹಲ್ಲಿನಲ್ಲಂತೂ ನರವೇ ಇರುವುದಿಲ್ಲ. ಅದು ಹಾಳಾಗುವಾಗ ಜುಮ್ ಅನ್ನುವುದೂ ಇಲ್ಲ.

ದಂತ ವೈದ್ಯರು ಮೂರು ವಿಷಯ ನೋಡುತ್ತಾರೆ. ಕಣ್ಣಿಗೆ ಹೇಗಿದೆ, ಅಗಿಯಲು ಹೇಗಿದೆ, ಹಲ್ಲು ಮತ್ತು ವಸಡು ಆರೋಗ್ಯವಾಗಿವೆಯೇ. ಎಫ್‌ಡಿಐ ಎಂಬ ಜಾಗತಿಕ ದಂತ ಒಕ್ಕೂಟದ ಹೆಸರಿನಲ್ಲಿ 2007ರಲ್ಲಿ ಪ್ರಕಟವಾದ ಅಳತೆಗೋಲು ಕೂಡ ಈ ಮೂರರ ಮೇಲೆಯೇ ನಿಂತಿದೆ. ಇದರಲ್ಲಿ ಸಾಕಷ್ಟನ್ನು ನಾವೇ ಮನೆಯಲ್ಲಿ ಗಮನಿಸಬಹುದು.

ಮೊದಲು: ಬರೆಸಿಕೊಳ್ಳಿ

ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಬೇರು ಚಿಕಿತ್ಸೆ ಹುಬ್ಬಳ್ಳಿಯಲ್ಲಿ, ಕ್ಯಾಪ್ ಕುಮಟೆಯಲ್ಲಿ, ನೋವು ಬಂದಾಗ ಓಡುವುದು ಇನ್ನೊಂದು ಕಡೆ. ಹೀಗಾಗಿ ಕಾಗದ ನಿಮ್ಮ ಹತ್ತಿರವೇ ಇರಬೇಕು. ಹಲ್ಲಿನ ನಂಬರು, ದಿನಾಂಕ, ತುಂಬಿದ ವಸ್ತು, ಎಕ್ಸ್‌ರೇ, ಇಷ್ಟು ಸಾಕು. ಹಲ್ಲಿನ ನಂಬರು ಎರಡು ಅಂಕಿಯದು. ಮೊದಲ ಅಂಕಿ ಬಾಯಿಯ ಭಾಗ: 1 ಮೇಲೆ ಬಲಕ್ಕೆ, 2 ಮೇಲೆ ಎಡಕ್ಕೆ, 3 ಕೆಳಗೆ ಎಡಕ್ಕೆ, 4 ಕೆಳಗೆ ಬಲಕ್ಕೆ. ಎರಡನೆಯದು ಮಧ್ಯದಿಂದ ಎಣಿಸಿದಾಗ ಎಷ್ಟನೇ ಹಲ್ಲು ಎಂಬುದು. 36 ಅಂದರೆ ಕೆಳಗೆ ಎಡಗಡೆಯ ಆರನೇ ಹಲ್ಲು, ಅಂದರೆ ಮೊದಲ ದೊಡ್ಡ ದವಡೆ ಹಲ್ಲು. ಎಕ್ಸ್‌ರೇಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಅದೇ ದಿನ ಸಂಜೆ: ಕಚ್ಚಿ ನೋಡಿ

ಇಂಜೆಕ್ಷನ್‌ನ ಮರಗಟ್ಟುವಿಕೆ ಹೋಗಲು ಸಾಮಾನ್ಯವಾಗಿ 2ರಿಂದ 4 ಗಂಟೆ ಬೇಕು. ಕುರ್ಚಿಯಲ್ಲಿ ಮಲಗಿದ್ದಾಗ 'ಸರಿ ಇದೆ ಡಾಕ್ಟ್ರೇ' ಅಂದಿದ್ದನ್ನು ಪೂರ್ತಿ ನಂಬುವ ಹಾಗಿಲ್ಲ. ಮರಗಟ್ಟುವಿಕೆ ಹೋದ ಮೇಲೆ ಮೆಲ್ಲಗೆ ಬಾಯಿ ಮುಚ್ಚಿ. ಎರಡೂ ಬದಿ ಒಟ್ಟಿಗೆ ಕೂಡಬೇಕು. ತುಂಬಿದ ಹಲ್ಲೇ ಮೊದಲು ತಾಗಿದರೆ ಫಿಲ್ಲಿಂಗ್ ಎತ್ತರವಾಗಿದೆ ಎಂದರ್ಥ. ತಾನಾಗಿ ಸವೆಯುತ್ತದೆ ಎಂದು ಬಿಡಬೇಡಿ. ಅದರ ಮೇಲೆಯೇ ಭಾರ ಬಿದ್ದು ಬೇರಿನ ಸುತ್ತ ನೋವು ಶುರುವಾಗುತ್ತದೆ. ಬಣ್ಣದ ಕಾಗದ ಕಚ್ಚಿಸಿ ಉಜ್ಜಿ ಸರಿ ಮಾಡುವುದು ವೈದ್ಯರಿಗೆ ಸ್ವಲ್ಪ ಹೊತ್ತಿನ ಕೆಲಸ.

ಮೊದಲ ಎರಡು ವಾರ: ತಣ್ಣನೆಯ ನೀರು

ಹಲ್ಲಿನ ಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಆದ ಮೇಲೆ ತಂಪು ತಾಗಿದಾಗ ಸ್ವಲ್ಪ ಜುಮ್ ಅನ್ನುವುದು ಸಹಜ. ದಿನ ಕಳೆದಂತೆ ಅದು ಕಡಿಮೆಯಾಗುತ್ತಿದೆಯೇ ಎಂಬುದು ಮುಖ್ಯ. ನೀರು ನುಂಗಿದ ಕೂಡಲೇ ಜುಮ್ಮೆನ್ನುವುದು ನಿಂತರೆ ಹೆದರಬೇಡಿ. ನೋವು ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಉಳಿದರೆ, ಬಿಸಿ ಚಹಾಕ್ಕೆ ಸಿಡಿದರೆ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ನರಕ್ಕೆ ಪೆಟ್ಟಾಗಿದೆ ಎಂಬ ಅನುಮಾನ ಬರಬೇಕು. ಆಗ ಮಾತ್ರೆ ನುಂಗಿ ದಿನ ತಳ್ಳಬೇಡಿ.

ಊಟದ ಹೊತ್ತಿಗೆ: ಸಿಕ್ಕಿಕೊಳ್ಳುತ್ತದೆಯೇ?

ಮೀನು, ಹಲಸಿನ ತೊಳೆ, ಹರಿವೆ ಸೊಪ್ಪು ತಿಂದಾಗ ಪ್ರತಿ ಸಲ ಅದೇ ಸಂದಿಯಲ್ಲಿ ನಾರು ಸಿಗುತ್ತಿದೆಯಾ? ಹಾಗಾದರೆ ತುಂಬಿದ ಹಲ್ಲು ಪಕ್ಕದ ಹಲ್ಲಿಗೆ ಸರಿಯಾಗಿ ತಾಗಿಲ್ಲ. ಹಲ್ಲಿನ ಸಂದಿ ಸ್ವಚ್ಛ ಮಾಡುವ ಫ್ಲಾಸ್ ದಾರ ಎಳೆದರೆ ಇನ್ನೂ ಸ್ಪಷ್ಟ. ದಾರ ತುಸು ಬಿಗಿಯಾಗಿ ಒಳಹೋಗಿ ನುಣ್ಣಗೆ ಹೊರಬರಬೇಕು. ಎಳೆ ಎಳೆಯಾಗಿ ಹರಿದರೆ ಅಂಚು ಒರಟಾಗಿದೆ ಅಥವಾ ಹೊರಚಾಚಿದೆ. ಕಡ್ಡಿ ಹಾಕಿ ಚುಚ್ಚುತ್ತ ಕೂತರೆ ವಸಡು ಮಾತ್ರ ಹಾಳಾಗುತ್ತದೆ. ಮೊದಲು ಅಂಚು ಸರಿ ಮಾಡಿಸಬೇಕು.

ಆರು ತಿಂಗಳು, ವರ್ಷ: ಅಂಚಿನ ಕಪ್ಪು ಗೆರೆ

ಜನ ಅತಿ ಜಾಸ್ತಿ ಗೊಂದಲಪಡುವುದು ಇಲ್ಲಿಯೇ. ಫಿಲ್ಲಿಂಗ್ ಸುತ್ತ ಕಂದು ಗೆರೆ ಕಂಡ ಕೂಡಲೇ ಹುಳುಕು ಎಂದುಕೊಳ್ಳುತ್ತಾರೆ. ಕವಳ (ಎಲೆ ಅಡಿಕೆ) ಹಾಕುವವರಲ್ಲಿ, ಚಹಾ ಹೆಚ್ಚು ಕುಡಿಯುವವರಲ್ಲಿ ಅಂಚಿಗೆ ಕಲೆ ಹಿಡಿಯುವುದು ಸಾಮಾನ್ಯ. ಶಿರಸಿ, ಸಿದ್ದಾಪುರದ ಕಡೆ ಇದು ಎಷ್ಟು ಮಂದಿಗಿಲ್ಲ ಹೇಳಿ! ಕಲೆಯೊಂದೇ ಹುಳುಕಿನ ಗುರುತಲ್ಲ. ಗೆರೆಯ ಪಕ್ಕ ಹಲ್ಲು ಮೆದುವಾಗಿದೆಯೇ, ಗುಂಡಿ ಬಿದ್ದಿದೆಯೇ, ಎಕ್ಸ್‌ರೇಯಲ್ಲಿ ಫಿಲ್ಲಿಂಗ್ ಅಡಿ ಕಪ್ಪು ನೆರಳಿದೆಯೇ ಎಂದು ವೈದ್ಯರು ನೋಡಿಯೇ ಹೇಳಬೇಕು.

ಇದು ಯಾಕೆ ಮುಖ್ಯ ಅಂದರೆ, ಒಂದು ಫಿಲ್ಲಿಂಗ್ ಪೂರ್ತಿ ತೆಗೆದಾಗೆಲ್ಲ ಅದರ ಜೊತೆ ಒಳ್ಳೆಯ ಹಲ್ಲೂ ಒಂದಿಷ್ಟು ಹೋಗುತ್ತದೆ. ಗುಂಡಿ ದೊಡ್ಡದಾಗುತ್ತ ಹೋಗಿ ಕೊನೆಗೆ ಬೇರು ಚಿಕಿತ್ಸೆ, ಕ್ಯಾಪ್, ಕೀಳುವುದು. ಕಲೆ ಇದ್ದರೆ ಪಾಲಿಶ್, ಸಣ್ಣ ಚೂರು ಹಾರಿದ್ದರೆ ಅಷ್ಟಕ್ಕೇ ರಿಪೇರಿ ಮಾಡುವ ದಾರಿ ಇದೆ. ಪೂರ್ತಿ ತೆಗೆಯೋಣ ಅಂದರೆ 'ಅಷ್ಟೇ ಭಾಗ ಸರಿ ಮಾಡಲು ಆಗುತ್ತದೆಯೇ?' ಎಂದು ಕೇಳಿ. ಅದರಲ್ಲಿ ಸಂಕೋಚ ಬೇಡ.

ಕ್ಯಾಪ್‌ನದು ಬೇರೆ ಕತೆ. ಒಳಗೆ ಲೋಹ, ಮೇಲೆ ಪಿಂಗಾಣಿ ಇರುವ ಕ್ಯಾಪ್‌ನಲ್ಲಿ ವಸಡು ಸ್ವಲ್ಪ ಕೆಳಗಿಳಿದರೆ ಲೋಹದ ಕಪ್ಪು ಗೆರೆ ಕಾಣುತ್ತದೆ. ನೋಡಲು ಚಂದ ಅಲ್ಲ, ಆದರೆ ಅದೊಂದೇ ಕಾರಣಕ್ಕೆ ಕ್ಯಾಪ್ ಸೋತಿತು ಎನ್ನಲಾಗದು. ಕ್ಯಾಪ್ ಅಲುಗಾಡುವುದು, ದುರ್ವಾಸನೆ, ಅದೇ ಜಾಗದಲ್ಲಿ ವಸಡಿನಿಂದ ರಕ್ತ, ಇವು ನಿಜವಾದ ದೂರುಗಳು.

ಬೇರು ಚಿಕಿತ್ಸೆಗೆ ಒಂದು ವರ್ಷದ ನಂತರದ ಎಕ್ಸ್‌ರೇ

ಇದನ್ನು ಬಹುತೇಕ ಯಾರೂ ಮಾಡಿಸುವುದಿಲ್ಲ, ಮಾಡಿಸಲೇಬೇಕು. ಚಿಕಿತ್ಸೆಗೆ ಮೊದಲು ಬೇರಿನ ತುದಿಯಲ್ಲಿದ್ದ ಕಪ್ಪು ಮಚ್ಚೆ ಅಂದರೆ ಸೋಂಕಿನಿಂದ ಕರಗಿದ ಎಲುಬು. ಅದು ಮತ್ತೆ ತುಂಬಿಕೊಳ್ಳಲು ಸಮಯ ಬೇಕು. ವರ್ಷದ ನಂತರ ಮಚ್ಚೆ ಹೋಗಿದ್ದರೆ ಗೆದ್ದ ಹಾಗೆ. ಚಿಕ್ಕದಾಗಿದ್ದರೆ ಇನ್ನೂ ಕಾಯಬಹುದು, ನಾಲ್ಕು ವರ್ಷದವರೆಗೂ ಗಮನಿಸುತ್ತಾರೆ. ದೊಡ್ಡದಾಗಿದ್ದರೆ ನೋವಿಲ್ಲದಿದ್ದರೂ ಸೋತಿದೆ. ದವಡೆ ಹಲ್ಲಿಗೆ ಕ್ಯಾಪ್ ಹಾಕಿಸದೆ ಬಿಟ್ಟರೆ ಒಳಗೆ ಎಲ್ಲ ಸರಿಯಿದ್ದರೂ ಹಲ್ಲು ಸೀಳಿಹೋಗುವ ಅಪಾಯ ಜಾಸ್ತಿ.

ಎಷ್ಟು ವರ್ಷ ಬಾಳುತ್ತದೆ? ದವಡೆ ಹಲ್ಲಿನ ಕಾಂಪೋಸಿಟ್ ಫಿಲ್ಲಿಂಗ್‌ಗಳಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು 1ರಿಂದ 3 ಕೆಡುತ್ತವೆ ಎಂದು ದೀರ್ಘಕಾಲದ ಅಧ್ಯಯನಗಳು ಹೇಳುತ್ತವೆ. ಅಂದರೆ ಹತ್ತು ವರ್ಷ ದಾಟುವುದೇ ಹೆಚ್ಚು. ಹುಳುಕು ಬೇಗ ಹತ್ತುವ ಬಾಯಿ, ರಾತ್ರಿ ಹಲ್ಲು ಕಡಿಯುವ ಅಭ್ಯಾಸ, ಅಡಿಕೆ ಜಗಿಯುವುದು, ಇವು ಆ ಆಯುಷ್ಯವನ್ನು ಕಡಿಮೆ ಮಾಡುತ್ತವೆ.

ವಸಡಿನ ಮೇಲೆ ಕೀವು ಒಸರುವ ಸಣ್ಣ ಗುಳ್ಳೆ ಕಂಡರೆ ಆ ವಾರವೇ ತೋರಿಸಿ. ಕೆನ್ನೆ ಊದಿ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಕ್ಲಿನಿಕ್ ಬಾಗಿಲು ತೆರೆಯುವ ತನಕ ಕಾಯಬೇಡಿ. ರಾತ್ರಿಯಾದರೂ ಹತ್ತಿರದ ತಾಲ್ಲೂಕು ಆಸ್ಪತ್ರೆಗೋ ಕಾರವಾರದ ಜಿಲ್ಲಾ ಆಸ್ಪತ್ರೆಗೋ ಹೋಗಿ, ಹಳೆಯ ಎಕ್ಸ್‌ರೇ ಇರುವ ಮೊಬೈಲ್ ಜೊತೆಗಿರಲಿ.